ಮಕ್ಕಳಿಗೋಸ್ಕರ ಸಹಿಸಿಕೋ ಎನ್ನಲಾರೆ

ಮಗಳೇ,

ಮದುವೆಯಾಗಿ ಇಂಗ್ಲೆಂಡಿಗೆ ಹೋದ ನಿನ್ನಂಥವರು ಫೋನಿನಲ್ಲಿ ದನಿ ತಗ್ಗಿಸಿ ಹೇಳುವುದುಂಟು: "ಅವರು ಕೈ ಎತ್ತಲ್ಲ ದೊಡ್ಡಮ್ಮ, ಮಕ್ಕಳಿಗೇನೂ ತೊಂದರೆಯಿಲ್ಲ." ಆದರೆ ದುಡ್ಡು, ಪಾಸ್‌ಪೋರ್ಟು ಎಲ್ಲ ಗಂಡನ ಬೀರುವಿನಲ್ಲಿ. ತವರಿಗೆ ಫೋನು ಮಾಡಲೂ ಅವನ ಅಪ್ಪಣೆ ಬೇಕು. ಎದುರಾಡಿದರೆ, "ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸ್ತೀನಿ, ಮಕ್ಕಳು ಇಲ್ಲೇ ಇರ್ತಾರೆ." ಹೊಡೆತವಿಲ್ಲದ ಈ ಹಿಡಿತವನ್ನೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಅಪರಾಧವೆನ್ನುತ್ತದೆ.

ಮಕ್ಕಳಿಗೆ ತೊಂದರೆಯಿಲ್ಲವೆಂದು ನಂಬಬೇಡ. ಅಪ್ಪ ಬಾಗಿಲು ತೆರೆದ ಸದ್ದಿಗೇ ಆಟ ನಿಲ್ಲಿಸುವ ಮಗು, ಕಾರಣವಿಲ್ಲದೆ ಹೊಟ್ಟೆನೋವೆನ್ನುವ ಮಗು, ನಿದ್ದೆಯಲ್ಲಿ ಬೆಚ್ಚುವ ಮಗು ಭಯವನ್ನು ಮೈಯಲ್ಲೇ ಹೊತ್ತಿರಬಹುದು. "ಅಮ್ಮ ಇವತ್ತು ಯಾರ ಹತ್ತಿರ ಮಾತಾಡಿದಳು?" ಎಂದು ಕೇಳಿ ಕೇಳಿ ಮಗುವನ್ನೇ ಗೂಢಚಾರನನ್ನಾಗಿ ಮಾಡುವವರಿದ್ದಾರೆ. ನಿನ್ನ ಇಂಗ್ಲಿಷನ್ನು ಅಪ್ಪ ಆಡಿಕೊಂಡರೆ ಮಗನೂ ಅದನ್ನೇ ಕಲಿಯುತ್ತಾನೆ. ಅಜ್ಜಿಯ ಫೋನು ತಪ್ಪಿದರೆ ಕನ್ನಡವೂ ತಪ್ಪುತ್ತದೆ, ಕಷ್ಟ ಹೇಳಿಕೊಳ್ಳಲು ಇದ್ದ ಒಂದು ಹೆಗಲೂ ತಪ್ಪುತ್ತದೆ. ಮನೆಯ ದೌರ್ಜನ್ಯ ನೋಡಿದ, ಕೇಳಿದ, ಅದರ ಪರಿಣಾಮ ಉಂಡ ಮಗುವೂ ಸಂತ್ರಸ್ತನೇ ಎಂದು ಅಲ್ಲಿನ 2021ರ ಕಾನೂನು ಹೇಳಿದೆ.

ಏನು ಮಾಡಬೇಕೆಂದರೆ, ಡಾಕ್ಟರ ಮುಂದಾಗಲಿ ಪೊಲೀಸರ ಮುಂದಾಗಲಿ ಮಗುವಿನಿಂದ ಮಾತು ಅನುವಾದ ಮಾಡಿಸಬೇಡ. ದುಭಾಷಿ ಬೇಕೆಂದು ಕೇಳು. "ಇದು ನಿನ್ನ ತಪ್ಪಲ್ಲ" ಎಂದು ಮಗುವಿಗೆ ಬಾಯಿಬಿಟ್ಟು ಹೇಳು. ವೀಸಾ ರದ್ದುಮಾಡುವ ಅಧಿಕಾರ ಗಂಡನದಲ್ಲ, ಸರ್ಕಾರದ್ದು. ದೌರ್ಜನ್ಯಕ್ಕೊಳಗಾದ ಸಂಗಾತಿಗೆ ಅಲ್ಲಿ ಪ್ರತ್ಯೇಕ ದಾರಿಗಳಿವೆ. ಆದರೆ ಅವು ವೀಸಾದಿಂದ ವೀಸಾಕ್ಕೆ ಬೇರೆ. ಅರ್ಜಿ ಹಾಕುವ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣು. ಸಿಟ್ಟಿನಲ್ಲಿ ಮಕ್ಕಳನ್ನು ಕರೆದುಕೊಂಡು ವಿಮಾನ ಹತ್ತಬೇಡ. ತಂದೆಯ ಒಪ್ಪಿಗೆಯೋ ಕೋರ್ಟಿನ ಅನುಮತಿಯೋ ಇಲ್ಲದೆ ದೇಶ ದಾಟಿಸಿದರೆ ನೀನೇ ಅಪರಾಧಿಯಾಗಬಹುದು. ಬಿಟ್ಟು ಹೊರಡುವ ಹೊತ್ತು ಅಪಾಯದ್ದು, ಅವನಿಗೆ ಮುಂಚೆ ಸುಳಿವು ಕೊಡಬೇಡ. ಅವನು ತಡಕದ ಫೋನಿನಿಂದ 0808 2000 247ಕ್ಕೆ ಕರೆ ಮಾಡು. ಅದು ಹಗಲೂ ರಾತ್ರಿಯೂ ಸಿಗುವ ಉಚಿತ ಸಹಾಯವಾಣಿ. ಪ್ರಾಣಕ್ಕೇ ಕುತ್ತು ಬಂದರೆ 999.

ಊರಲ್ಲಿರುವ ತಂದೆತಾಯಿಗೂ ಒಂದು ಮಾತು. ಮಗಳು ಬಾಯಿಬಿಟ್ಟಾಗ "ಮಕ್ಕಳ ಮುಖ ನೋಡಿಕೊಂಡು ಹೊಂದಿಕೊಂಡು ಹೋಗಮ್ಮ" ಎನ್ನಬೇಡಿ. ಆ ಮನೆಯಲ್ಲಿ ಅವಳು ಸಹಿಸುವುದನ್ನೆಲ್ಲ ಮಕ್ಕಳೂ ಸಹಿಸುತ್ತಿರುತ್ತಾರೆ. "ನಿನ್ನ ಮಾತು ನಂಬುತ್ತೇವೆ, ನಾವಿದ್ದೇವೆ" ಎನ್ನಿ. ನಾಲ್ಕು ಜನ ಏನೆಂದರೂ ಆ ಮಾತಿಗೆ ತಪ್ಪಬೇಡಿ.