ಅಡುಗೆಮನೆಯ ಅರ್ಥ್ ವೈರು

ಫ್ರಿಜ್, ಗ್ರೈಂಡರ್, ಗೀಸರ್‌ಗಳ ಲೋಹದ ಮೈಯನ್ನು ಭೂಮಿಗೆ ಜೋಡಿಸುವುದು ತ್ರೀ ಪಿನ್ ಪ್ಲಗ್ಗಿನ ಮೇಲ್ಗಡೆಯ ದಪ್ಪ, ಉದ್ದ ಪಿನ್. ಒಳಗಿನ ಫೇಸ್ ವೈರು ಸವೆದು ಮೈಗೆ ತಗುಲಿದರೆ ಕರೆಂಟು ಇದೇ ದಾರಿಯಲ್ಲಿ ಮಣ್ಣಿಗೆ ಇಳಿಯಬೇಕು. ಪಿನ್ನಿನಿಂದ ಹೊರಟ ಹಸಿರು ವೈರು ಅಂಗಳದ ಅರ್ಥ್ ಗುಂಡಿಯನ್ನು ನಿಜಕ್ಕೂ ಮುಟ್ಟಿದ್ದರೆ ಮಾತ್ರ ಇದು ಆಗುವ ಮಾತು.

ಯಾದವಗಿರಿಯಲ್ಲಿ ಈ ಲೇಖಕಿಯ ಹಳೆಯ ಮನೆಯ ವೈರಿಂಗಿನಲ್ಲಿ ಇದ್ದದ್ದು ಫೇಸ್, ನ್ಯೂಟ್ರಲ್ ಎರಡೇ. ಅಡುಗೆಮನೆಗೆ ಹೊಸ ಸಾಕೆಟ್ ಹಾಕಿದ ಎಲೆಕ್ಟ್ರಿಷಿಯನ್, ಅರ್ಥ್ ವೈರು ಎಳೆಯುವ ಬದಲು ಸಾಕೆಟ್ಟಿನೊಳಗೇ ಅರ್ಥ್ ಪಿನ್ನಿಗೂ ನ್ಯೂಟ್ರಲ್ಲಿಗೂ ಬೆರಳುದ್ದದ ತಂತಿ ಕಟ್ಟಿ ಮುಚ್ಚಿದ್ದ. ಫೇಸಿಗೂ ಅರ್ಥ್‌ಗೂ ನಡುವೆ ಬಲ್ಬ್ ಹಿಡಿದರೆ ಚೆನ್ನಾಗಿಯೇ ಉರಿಯುತ್ತದೆ, ಮೋಸ ಗೊತ್ತಾಗುವುದಿಲ್ಲ. ಇಂಥ ಕೆಲಸಕ್ಕೆ ಕ್ಷಮೆಯಿಲ್ಲ.

ನ್ಯೂಟ್ರಲ್ ತುಂಡಾದ ಗಳಿಗೆಯಲ್ಲಿ ಈ ಕಟ್ಟು ಯಮನಾಗುತ್ತದೆ. ಒಂದು ಸಂಜೆ ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್ ಸುಟ್ಟು ಬಿಟ್ಟುಕೊಂಡಿತು. ದೀಪಗಳು ಆರಿದವು, ಕರೆಂಟು ಹೋಯಿತೆಂದೇ ಮನೆಯವರು ತಿಳಿದರು. ಆದರೆ ಫೇಸ್ ಗ್ರೈಂಡರಿನ ಮೋಟಾರು ಹಾದು ನ್ಯೂಟ್ರಲ್ಲಿಗೆ, ಅಲ್ಲಿಂದ ಆ ತುಂಡು ತಂತಿಯ ಮೂಲಕ ಗ್ರೈಂಡರಿನ ಮೈಗೇ ಬಂದು ನಿಂತಿತ್ತು. ಉದ್ದಿನಹಿಟ್ಟು ಅರ್ಧಕ್ಕೇ ನಿಂತಿತಲ್ಲ ಎಂದು ಅತ್ತೆ ಹಿಟ್ಟು ಮೆತ್ತಿದ ಕೈಯಲ್ಲಿ, ಬರಿಗಾಲಲ್ಲಿ ಅದರ ಸ್ಟೀಲ್ ಮೈ ಹಿಡಿದರು. ಬೆರಳುಗಳು ಮಡಚಿಕೊಂಡವು, ಬಿಡಿಸಿಕೊಳ್ಳಲಾಗಲಿಲ್ಲ. ಬಾಯಿ ತೆರೆದಿತ್ತು, ದನಿಯಿಲ್ಲ. ಮೊಣಕೈ ಅದುರುವುದಷ್ಟೇ ಮೇಣದಬತ್ತಿಯ ಬೆಳಕಿನಲ್ಲಿ ಕಂಡದ್ದು. ಹಿಡಿದೆಳೆಯಲು ನುಗ್ಗಿದ ಮಗನನ್ನು ಲೇಖಕಿ ಕೂಗಿ ತಡೆದು, ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ ಮೇಲೆಯೇ ಕೈ ಕಳಚಿತು. ನೆಲ ಒಣಗಿದ್ದರಿಂದ ಜೀವ ಉಳಿದಿರಬೇಕು. ಅಂಗೈಯ ಸುಟ್ಟ ಕಲೆ ಇನ್ನೂ ಇದೆ.

ಎಂಸಿಬಿ ಬೀಳಲಿಲ್ಲ, ಬೀಳುವಂಥದ್ದೂ ಅಲ್ಲ. ಅದು ಕಾಯುವುದು ವೈರನ್ನು. ಒದ್ದೆ ಮೈಯ ರೋಧ ಸುಮಾರು 1,000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ ಹರಿಯುವುದು 0.23 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಹೃದಯದ ಬಡಿತ ಕೆಡಿಸಲು ಧಾರಾಳ ಸಾಕು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ಮರಳದಿದ್ದರೆ ಕತ್ತರಿಸುವ ಸಾಧನ ಆರ್‌ಸಿಸಿಬಿ. ಮನೆಗೆ 30 ಮಿಲಿಆಂಪಿಯರಿನದು, ನ್ಯೂಟ್ರಲ್ ತುಂಡಾದರೂ ಕೆಲಸ ಮಾಡುವಂಥದ್ದು ಬೇಕು. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು, ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಬೇಕು.

ಹಳೆಯ ಮನೆಯಲ್ಲಿರುವವರು ದಯವಿಟ್ಟು ಮೇನ್ ಸ್ವಿಚ್ ಇಳಿಸಿ, ತಿಳಿದವರಿಂದ ಅಡುಗೆಮನೆಯ ಸಾಕೆಟ್ಟುಗಳನ್ನು ಬಿಚ್ಚಿಸಿ, ಅರ್ಥ್ ಪಿನ್ನಿನ ವೈರು ಎಲ್ಲಿಗೆ ಹೋಗಿದೆ ಎಂದು ಕಣ್ಣಾರೆ ನೋಡಿಕೊಳ್ಳಿ.