ಎಣ್ಣೆ ಸೋಂಕಿದ ಭೂಮಿಯ ಶುದ್ಧೀಕರಣ: ಉತ್ಕರ್ಷಣ ಕ್ರಮಗಳೂ ಅವುಗಳ ಮಿತಿಯೂ

ಹಿಂದೆ ಗ್ರಾಮಗಳಲ್ಲಿ ಕಾಲರಾ ರೋಗವು ತಲೆದೋರಿದಾಗ ಕುಡಿಯುವ ನೀರಿನ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಎಂಬ ಹರಳನ್ನು ಕರಗಿಸಿ ಹಾಕುವ ಪದ್ಧತಿಯಿದ್ದುದನ್ನು ಅನೇಕರು ಕೇಳಿರಬಹುದು. ನೀರು ಮೊದಲು ನೇರಳೆ ಬಣ್ಣವನ್ನು ತಾಳಿ, ಕೊಳೆಯು ಹೆಚ್ಚಿದ್ದಷ್ಟೂ ಬೇಗನೆ ಬಣ್ಣಗೆಡುತ್ತಿತ್ತು. ಆ ಹರಳು ತನ್ನಲ್ಲಿರುವ ಆಮ್ಲಜನಕವನ್ನು ಕೊಳೆಗೆ ಕೊಟ್ಟು, ಅದನ್ನು ಸುಟ್ಟಂತೆ ಮಾಡಿ, ತಾನೂ ವ್ಯಯವಾಗುವುದೇ ಇದಕ್ಕೆ ಕಾರಣ. ಬೆಂಕಿಯಿಲ್ಲದೆ ನಡೆಯುವ ಈ ದಹನಕ್ಕೆ ಉತ್ಕರ್ಷಣವೆಂದು ಹೆಸರು. ಡೀಸೆಲ್, ಪೆಟ್ರೋಲ್, ಕಾರ್ಖಾನೆಯ ದ್ರಾವಕಗಳು ಮುಂತಾದುವು ಸೇರಿ ಕೆಟ್ಟ ಭೂಮಿಯನ್ನು ಇದೇ ತತ್ತ್ವದಿಂದ ಶುದ್ಧಿಮಾಡುವ ಕ್ರಮಗಳು ಈಗ ಬಳಕೆಯಲ್ಲಿವೆ. ರಸ್ತೆಯಲ್ಲಿ ಟ್ಯಾಂಕರ್ ಮಗುಚಿದರೂ, ನೆಲದೊಳಗಿನ ಎಣ್ಣೆಯ ತೊಟ್ಟಿಯು ಸೋರಿದರೂ, ಮೊದಲು ಕೆಡುವುದು ಪಕ್ಕದ ಹೊಲ ಮತ್ತು ಬಾವಿ. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕ್ರಮಗಳ ಗುಣವನ್ನೂ ದೋಷವನ್ನೂ ತಿಳಿದಿರುವುದು ಅವಶ್ಯಕ.

ಮುಖ್ಯವಾದ ಉತ್ಕರ್ಷಕಗಳು

1. ಪರ್ಮಾಂಗನೇಟ್.— ಲೋಹದ ಜಿಡ್ಡನ್ನು ತೆಗೆಯಲು ಉಪಯೋಗಿಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನು ಇದು ಚೆನ್ನಾಗಿ ಒಡೆಯುತ್ತದೆ. ಕೊನೆಗೆ ಉಳಿಯುವುವು ಇಂಗಾಲಾಮ್ಲ ವಾಯು, ಕ್ಲೋರೈಡ್ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕಂದು ಗಷ್ಟು. ಲೆಕ್ಕದಂತೆ 1 ಕಿಲೋಗ್ರಾಂ ದ್ರಾವಕಕ್ಕೆ ಸುಮಾರು 2.4 ಕಿಲೋಗ್ರಾಂ ಹರಳು ಬೇಕು. ಆದರೆ ಪೆಟ್ರೋಲಿನಲ್ಲಿರುವ ಬೆಂಜೀನನ್ನು ಇದು ಬಹುಮಟ್ಟಿಗೆ ಮುಟ್ಟುವುದಿಲ್ಲ.

2. ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಕಬ್ಬಿಣ.— ಇವೆರಡೂ ಕೂಡಿದಾಗ ಉಂಟಾಗುವ ಉಗ್ರವಾದ ಉತ್ಕರ್ಷಣ ಶಕ್ತಿಯನ್ನು 1894ರಲ್ಲಿ ಇಂಗ್ಲೆಂಡಿನ ಫೆಂಟನ್ ಎಂಬ ರಸಾಯನ ಶಾಸ್ತ್ರಜ್ಞನು ಪ್ರಕಟಿಸಿದನು. ಇದು ಬೆಂಜೀನನ್ನೂ ಒಡೆಯಬಲ್ಲುದು. ಆದರೆ ಈ ಕ್ರಿಯೆಯು ಚೆನ್ನಾಗಿ ನಡೆಯುವುದು ಹುಳಿಯಾದ ಮಣ್ಣಿನಲ್ಲಿ. ಸುಣ್ಣದ ಅಂಶವುಳ್ಳ ಕರಿಮಣ್ಣಿನಲ್ಲಿ ಹುಳಿಯು ನಿಲ್ಲುವುದಿಲ್ಲ. ಮೇಲಾಗಿ ಶಾಖವೂ ವಾಯುವೂ ಹೊರಡುವುದರಿಂದ, ಪೆಟ್ರೋಲಿನ ಆವಿಯಿರುವಲ್ಲಿ ಬೆಂಕಿ ಹತ್ತುವ ಭಯವುಂಟು.

3. ಸೋಡಿಯಂ ಪರ್‌ಸಲ್ಫೇಟ್.— ಶಾಖ, ಕಬ್ಬಿಣ ಅಥವಾ ಕ್ಷಾರದಿಂದ ಇದನ್ನು ಚುರುಕುಗೊಳಿಸಬೇಕು. ಪೆರಾಕ್ಸೈಡಿಗಿಂತ ಹೆಚ್ಚು ಕಾಲ ನೆಲದಲ್ಲಿ ನಿಂತು ಕೆಲಸಮಾಡುತ್ತದೆ, ಸಲ್ಫೇಟನ್ನು ಉಳಿಸುತ್ತದೆ.

4. ಓಜೋನ್.— ಇದು ವಾಯುರೂಪದ್ದು. ವಿದ್ಯುಚ್ಛಕ್ತಿಯಿಂದ ಸ್ಥಳದಲ್ಲಿಯೇ ತಯಾರಿಸಿ ಕೊಳವೆಗಳ ಮೂಲಕ ನೆಲದೊಳಕ್ಕೆ ಊದಬೇಕಾಗುತ್ತದೆ.

ಪ್ರಯೋಗಿಸುವ ಬಗೆ

ಕಲ್ಮಷವು ಆಳದಲ್ಲಿದ್ದರೆ ಕೊಳವೆಗಳನ್ನಿಳಿಸಿ ದ್ರಾವಣವನ್ನು ಒತ್ತಡದಿಂದ ಕಳುಹಿಸುವರು. ಮೇಲ್ಭಾಗದಲ್ಲಿದ್ದರೆ ಮಣ್ಣನ್ನು ತಿರುವಿ ಬೆರೆಸುವರು. ಔಷಧಿಯು ಕಲ್ಮಷವನ್ನು ಮುಟ್ಟಿದ ಹೊರತು ಫಲವಿಲ್ಲ. ಮರಳುಮಣ್ಣಿನಲ್ಲಿ ಅದು ಸುಲಭವಾಗಿ ಹರಡುತ್ತದೆ. ಜೇಡಿಯಲ್ಲಿಯಾದರೋ ಬಿರುಕುಗಳಲ್ಲಿ ಇಳಿದುಹೋಗಿ ಹೆಂಟೆಗಳ ಒಳಭಾಗವನ್ನು ಮುಟ್ಟುವುದಿಲ್ಲ. ಕೆಲವು ತಿಂಗಳ ತರುವಾಯ ಹೆಂಟೆಗಳಿಂದ ಎಣ್ಣೆಯು ಮೆಲ್ಲನೆ ಹೊರಬಂದು ಬಾವಿಯ ನೀರು ಪುನಃ ಕೆಡುವುದುಂಟು. ಆದಕಾರಣ ಒಂದೇ ಸಲದ ಪರೀಕ್ಷೆಯನ್ನು ನಂಬಕೂಡದು.

ಮಣ್ಣಿನ ಸತ್ವಕ್ಕೆ ಬರುವ ನಷ್ಟ

ಭೂಮಿಯುಳ್ಳವರು ಮುಖ್ಯವಾಗಿ ಗಮನಿಸತಕ್ಕ ವಿಷಯವಿದು. ಡೀಸೆಲು ಹೇಗೆ ಇಂಗಾಲದಿಂದಾದುದೋ, ನಾವು ವರ್ಷವರ್ಷವೂ ಹಾಕಿದ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರಗಳಿಂದ ಮಣ್ಣಿನಲ್ಲಿ ಕೂಡಿದ ಸತ್ವವೂ ಹಾಗೆಯೇ ಇಂಗಾಲದಿಂದಾದುದು. ಉತ್ಕರ್ಷಕಕ್ಕೆ ಶತ್ರು ಮಿತ್ರರೆಂಬ ಭೇದವಿಲ್ಲ. ಅದು ಎರಡನ್ನೂ ಸುಡುತ್ತದೆ.

ಒಂದು ಗುಂಟೆ ನೆಲದ ಒಂದು ಅಡಿ ಆಳದ ಮಣ್ಣು ಸುಮಾರು 45 ಟನ್ನು ತೂಗುವುದು. ಅದರಲ್ಲಿ ನೂರಕ್ಕೆ ಅರ್ಧ ಪಾಲು ಸಾವಯವ ಇಂಗಾಲವಿದ್ದರೆ ಅದರ ತೂಕ 225 ಕಿಲೋಗ್ರಾಂ. ಕಿಲೋಗ್ರಾಂ ಮಣ್ಣಿಗೆ 1 ಗ್ರಾಮಿನಂತೆ ಡೀಸೆಲು ಸೇರಿದ್ದರೆ ಅದು ಕೇವಲ 45 ಕಿಲೋಗ್ರಾಂ. ಈ ಡೀಸೆಲನ್ನು ಪೂರ್ಣವಾಗಿ ದಹಿಸಲು, ಲೆಕ್ಕದ ಪ್ರಕಾರ, ಅದರ ಏಳರಷ್ಟಕ್ಕೂ ಹೆಚ್ಚು, ಎಂದರೆ 300 ಕಿಲೋಗ್ರಾಮಿಗೂ ಮೀರಿ ಶುದ್ಧ ಪೆರಾಕ್ಸೈಡ್ ಬೇಕು. ಮಣ್ಣಿನ ಸತ್ವವು ನುಂಗುವ ಪಾಲು ಇದರ ಮೇಲೆ ಬೇರೆ. ಹೀಗೆ ವೆಚ್ಚವೂ ಹೆಚ್ಚುವುದು, ಫಲವತ್ತತೆಯೂ ತಗ್ಗುವುದು. ಉಪಕಾರಿಗಳಾದ ಸೂಕ್ಷ್ಮಜೀವಿಗಳೂ ಕುಗ್ಗಿಹೋಗಿ, ಮತ್ತೆ ವೃದ್ಧಿಯಾಗಲು ಕಾಲ ಹಿಡಿಯುತ್ತದೆ. ಮಣ್ಣಿನಲ್ಲಿ ಕ್ರೋಮಿಯಂ ಲೋಹವಿದ್ದರೆ ಅದು ವಿಷಕರವಾದ, ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಲೂಬಹುದು. ಆದುದರಿಂದ ಮೊದಲು ಅದೇ ಮಣ್ಣಿನ ಮಾದರಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಅದು ಎಷ್ಟು ಉತ್ಕರ್ಷಕವನ್ನು ಕುಡಿಯುವುದೆಂದು ತಿಳಿಯದೆ ಕೆಲಸಕ್ಕೆ ಕೈಹಾಕಕೂಡದು.

ಗ್ರಾಮದಲ್ಲಿ ಮಾಡತಕ್ಕ ಕೆಲಸಗಳು

(1) ಸೋರಿಕೆಯನ್ನು ಮೊದಲು ನಿಲ್ಲಿಸಬೇಕು. ಬೆಂಕಿ, ಬೀಡಿಗಳನ್ನು ದೂರವಿಡಬೇಕು.

(2) ಎಣ್ಣೆಯು ಬಾವಿ ಕಾಲುವೆಗಳ ಕಡೆಗೆ ಹರಿಯದಂತೆ ಮಣ್ಣಿನ ಬದುವನ್ನು ಹಾಕಬೇಕು. ನೀರು ಸುರಿದು ತೊಳೆಯಕೂಡದು. ತೊಳೆದರೆ ಎಣ್ಣೆಯು ಮತ್ತಷ್ಟು ಹರಡುವುದು.

(3) ಹತ್ತಿರದ ಬಾವಿಯ ನೀರನ್ನು ಪರೀಕ್ಷೆಯಾಗುವವರೆಗೆ ಜನರೂ ದನಗಳೂ ಕುಡಿಯದಂತೆ ನೋಡಿಕೊಳ್ಳಬೇಕು. ಮಾದರಿಯನ್ನು ಗಾಜಿನ ಸೀಸೆಯಲ್ಲಿ ಕಂಠಪೂರ್ತಿ ತುಂಬಿ ಬಿಗಿಯಾಗಿ ಮುಚ್ಚಬೇಕು. ಇಲ್ಲವಾದರೆ ಕಲ್ಮಷವು ಆವಿಯಾಗಿ ಪರೀಕ್ಷೆಯು ತಪ್ಪುವುದು.

(4) ಜಿಲ್ಲಾಡಳಿತಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತವಾಗಿ ತಿಳಿಸಬೇಕು. ಕಲುಷಿತ ಸ್ಥಳಗಳ ನಿರ್ವಹಣೆಯ ಬಗ್ಗೆ ಕೇಂದ್ರ ಸರ್ಕಾರವು 2025ರಲ್ಲಿ ನಿಯಮಗಳನ್ನು ಹೊರಡಿಸಿದೆ.

(5) ಡೀಸೆಲು ಮೇಲ್ಮಣ್ಣಿನಲ್ಲಿ ಮಾತ್ರ ಇದ್ದರೆ, ತಜ್ಞರ ಸಲಹೆಯಂತೆ ಆ ಮಣ್ಣನ್ನು ಕೆರೆದು ಟಾರ್ಪಾಲಿನ ಮೇಲೆ ಹರಡಿ, ತೇವವನ್ನೂ ಸಾರಜನಕ ರಂಜಕಗಳ ಗೊಬ್ಬರವನ್ನೂ ಕೊಟ್ಟು ಆಗಾಗ್ಗೆ ತಿರುವುತ್ತಿದ್ದರೆ, ಸೂಕ್ಷ್ಮಜೀವಿಗಳೇ ಕೆಲವು ತಿಂಗಳುಗಳಲ್ಲಿ ಅದರ ಬಹುಭಾಗವನ್ನು ತಿಂದು ಮುಗಿಸುವುವು. ಮಳೆಯ ನೀರು ಅದರ ಮೇಲೆ ಹರಿದು ಹೋಗದಂತೆ ಜಾಗರೂಕತೆ ಬೇಕು.

ಉತ್ಕರ್ಷಣವು ಬೇಕಾಗುವುದು ಕಲ್ಮಷವು ಆಳಕ್ಕಿಳಿದು ಅಂತರ್ಜಲವನ್ನು ಮುಟ್ಟಿದಾಗ, ಅಥವಾ ಸೂಕ್ಷ್ಮಜೀವಿಗಳಿಗೆ ಜಗ್ಗದ ದ್ರಾವಕಗಳು ಸೇರಿದಾಗ. ಆಗಲೂ ಅದು ತಜ್ಞರ ಕೈಯಿಂದಲೇ ನಡೆಯಬೇಕು. ಇದು ಹೊಲಕ್ಕೆ ಎರಚುವ ಗೊಬ್ಬರವಲ್ಲ. ಕೆಟ್ಟ ಅಂಗಕ್ಕೆ ಮಾತ್ರ ಮಾಡುವ ಶಸ್ತ್ರಚಿಕಿತ್ಸೆಯಂತಹುದು. ಬಾವಿಯನ್ನು ಉಳಿಸಲು ಬೇಕಾದಷ್ಟು ಪ್ರಯೋಗಿಸಿ, ಹೊಲದ ಸತ್ವವನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದೇ ವಿವೇಕ. ಕೆಲಸವು ಮುಗಿದ ಮೇಲೆ ಮಣ್ಣನ್ನೂ ನೀರನ್ನೂ ಪುನಃ ಪರೀಕ್ಷಿಸಿ, ಗೊಬ್ಬರವನ್ನು ಹೇರಳವಾಗಿ ಕೊಟ್ಟು, ಅನಂತರವೇ ಬಿತ್ತನೆಗೆ ತೊಡಗತಕ್ಕದ್ದು.