ನಾಯಿಯ ಕಣ್ಣಿಗೆ ಕುತ್ತು ತರುವ ಉಣ್ಣಿ ರೋಗ

ಕಲಘಟಗಿ ತಾಲೂಕಿನ ತಂಬೂರ ಸುತ್ತಿನಲ್ಲಿ ಗೋವಿನಜೋಳದ ಹೊಲಕ್ಕೂ ದನದ ಕೊಟ್ಟಿಗೆಗೂ ನಾಯಿಯೇ ಕಾವಲು. ಅದರ ಕಣ್ಣು ಕೆಂಪಾದರೆ ಧೂಳು ಬಿದ್ದಿರಬೇಕೆಂದು ಸುಮ್ಮನಿರುವುದುಂಟು. ಆದರೆ ಮೈಮೇಲಿನ ಉಣ್ಣಿಯೂ ಇದಕ್ಕೆ ಕಾರಣವಾಗಬಲ್ಲದು.

ರೋಗ ಹರಡುವ ಬಗೆ: ಕಂದು ಉಣ್ಣಿಯು ರಕ್ತ ಹೀರುವಾಗ ಎರ್ಲಿಕಿಯಾ ಕೇನಿಸ್ ಎಂಬ ಸೂಕ್ಷ್ಮಾಣು ನಾಯಿಯ ದೇಹವನ್ನು ಸೇರಿ ಬಿಳಿ ರಕ್ತಕಣಗಳಲ್ಲಿ ಬೆಳೆಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುತ್ತವೆ. ರಕ್ತನಾಳಗಳು ಬಾತು ಕಣ್ಣಿನೊಳಗೆ ರಕ್ತ ಒಸರುತ್ತದೆ.

ಲಕ್ಷಣಗಳು: ಸೋಂಕು ತಗುಲಿದ 8 ರಿಂದ 20 ದಿನಗಳಲ್ಲಿ ಜ್ವರ ಬಂದು ನಾಯಿ ಆಹಾರ ಬಿಡುತ್ತದೆ. ಕೆಲವಕ್ಕೆ ಮೂಗಿನಲ್ಲಿ ರಕ್ತ ಬರುತ್ತದೆ. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಕರಿಗುಡ್ಡೆಯ ಮೇಲೆ ನೀಲಿ ಮಿಶ್ರಿತ ಬಿಳಿ ಮಬ್ಬು ಕವಿಯುತ್ತದೆ. ಒಳಗಿನ ಅಕ್ಷಿಪಟ ಕಳಚಿದರೆ ನಾಯಿ ಒಮ್ಮೆಲೇ ಕುರುಡಾಗುತ್ತದೆ. ರೋಗವು ತಿಂಗಳುಗಟ್ಟಲೆ ಅಡಗಿದ್ದು ಆಮೇಲೆ ಕಣ್ಣಿಗೆ ತಾಗುವುದೂ ಉಂಟು. ಆದ್ದರಿಂದ ಈಗ ಉಣ್ಣಿ ಕಾಣದಿದ್ದರೂ ರೋಗವಿಲ್ಲವೆಂದು ತಿಳಿಯಬಾರದು.

ಚಿಕಿತ್ಸೆ: ತಡಮಾಡದೆ ಪಶುವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ತೂಕಕ್ಕೆ ತಕ್ಕಂತೆ ಡಾಕ್ಸಿಸೈಕ್ಲಿನ್ ಔಷಧವನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನಾಲ್ಕು ದಿನಕ್ಕೆ ನಾಯಿ ಚೇತರಿಸಿಕೊಂಡಿತೆಂದು ನಡುವೆ ನಿಲ್ಲಿಸಬಾರದು. ಕಣ್ಣಿನ ಹನಿಗಳನ್ನು ಕೇಳದೆ ಹಾಕಬಾರದು. ಕಣ್ಣಿನಲ್ಲಿ ಹುಣ್ಣಿದ್ದರೆ ಸ್ಟೀರಾಯ್ಡ್ ಹನಿಯಿಂದ ಕೇಡು ಹೆಚ್ಚುತ್ತದೆ.

ತಡೆಗಟ್ಟುವಿಕೆ: ಉಣ್ಣಿಗಳು ಗೋಡೆಯ ಬಿರುಕುಗಳಲ್ಲಿ ಅಡಗುತ್ತವೆ. ಒಂದು ಹೆಣ್ಣುಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ. ಆದುದರಿಂದ ನಾಯಿಗೆ ಔಷಧ ಹಾಕುವುದರ ಜೊತೆಗೆ ಅದು ಮಲಗುವ ಜಾಗವನ್ನು ಸ್ವಚ್ಛಗೊಳಿಸಿ ಬಿರುಕುಗಳನ್ನು ಮುಚ್ಚಬೇಕು. ಕಿವಿ ಮತ್ತು ಬೆರಳುಸಂದಿಗಳನ್ನು ದಿನಾಲೂ ನೋಡಿ, ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ಕೀಳಬೇಕು. ಬರಿಗೈಯಿಂದ ಹಿಸುಕಬಾರದು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಎಂದೂ ಹಚ್ಚಬಾರದು. ಅದರಿಂದ ಪ್ರಾಣಕ್ಕೇ ಅಪಾಯವಾದೀತು.